ಡಾ. ಎಂ.ಸಿ. ಮೋದಿ: ಪೊರೆ ಕಳಚಿದ ವೈದ್ಯ, ಕನ್ನಡಕ ಕಲಿಸಿದ ಪಾಠ

ಕನ್ನಡಕ ಹಾಕಿಕೊಂಡರೆ ಇದ್ದ ದೃಷ್ಟಿಯೂ ಹೋಗುತ್ತದೆ ಎಂಬ ಭಯ ನಮ್ಮಲ್ಲಿ ಬಹಳ ಹಳೆಯದು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಹಳ್ಳಿಗಳಿರಲಿ, ಬೆಂಗಳೂರಿನ ಬಡಾವಣೆಗಳಿರಲಿ, ಕಪ್ಪುಹಲಗೆಯ ಅಕ್ಷರ ಕಾಣದ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಕನ್ನಡಕ ಕೊಡಿಸಲು ಹಿಂಜರಿಯುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಈ ಭಯವನ್ನು ಒರೆಗೆ ಹಚ್ಚಿ ನೋಡಲು ನಾಡಿನ ಹೆಸರಾಂತ ನೇತ್ರವೈದ್ಯ ಡಾ. ಎಂ.ಸಿ. ಮೋದಿ ಅವರ ಬದುಕು ನೆರವಾಗುತ್ತದೆ.

ಮುರಿಗೆಪ್ಪ ಚನ್ನವೀರಪ್ಪ ಮೋದಿ ಜನಿಸಿದ್ದು 1916ರ ಅಕ್ಟೋಬರ್ 4ರಂದು, ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ. ಸ್ವಾತಂತ್ರ್ಯ ಚಳವಳಿಯ ಕಾವಿನಲ್ಲಿ ಗಾಂಧೀಜಿಯವರ ಪ್ರಭಾವಕ್ಕೆ ಒಳಗಾದ ಅವರು, 1940ರ ದಶಕದ ಆರಂಭದಲ್ಲಿ ಗುಜರಾತಿನ ಪಾಟಣದಲ್ಲಿ ಉಚಿತ ನೇತ್ರ ಚಿಕಿತ್ಸೆಗೆ ತೊಡಗಿದರು. ಆಸ್ಪತ್ರೆಗೆ ಬರಲಾಗದ ಬಡವರ ಬಳಿಗೆ ಆಸ್ಪತ್ರೆಯೇ ಹೋಗಬೇಕೆಂಬುದು ಅವರ ನಿಲುವಾಗಿತ್ತು. ತಿರುಪತಿಯ ಶಿಬಿರವೊಂದರಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ್ದು ಗಿನ್ನೆಸ್ ದಾಖಲೆಯಾಯಿತು. ಅದೇ ದಾಖಲೆಯಂತೆ, 1993ರ ಫೆಬ್ರವರಿ ವೇಳೆಗೆ ಅವರು 46,120 ಹಳ್ಳಿಗಳಿಗೆ ಭೇಟಿ ನೀಡಿ, 6,10,564 ಶಸ್ತ್ರಚಿಕಿತ್ಸೆ ನಡೆಸಿದ್ದರು.

ಕಣ್ಣಿನೊಳಗಿನ ಮಸೂರವು ಮಬ್ಬಾಗುವುದೇ ಪೊರೆ. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಆ ಮಸೂರವನ್ನೇ ಹೊರತೆಗೆಯಲಾಗುತ್ತಿತ್ತು. ಕಣ್ಣೊಳಗೆ ಕೃತಕ ಮಸೂರ ಇಡುವ ವಿಧಾನವನ್ನು ಹೆರಾಲ್ಡ್ ರಿಡ್ಲೆ 1949ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ್ದರೂ, ನಮ್ಮ ಹಳ್ಳಿಗಳಿಗೆ ಅದು ತಲುಪಲು ದಶಕಗಳೇ ಬೇಕಾದವು. ಅಲ್ಲಿಯವರೆಗೆ ಪೊರೆ ತೆಗೆಸಿಕೊಂಡವರಿಗೆ ಸುಮಾರು ಪ್ಲಸ್ ಹತ್ತರ ದಪ್ಪ ಕನ್ನಡಕವೇ ಆಸರೆ. ಕನ್ನಡಕ ತೆಗೆದರೆ ಎಲ್ಲವೂ ಮಸುಕು. ಹಾಕಿದರೆ ಮೊಮ್ಮಗನ ಮುಖ ಸ್ಪಷ್ಟ. ಆ ಮಸುಕಿಗೆ ಕಾರಣ ಕನ್ನಡಕವಲ್ಲ, ಮಸೂರವಿಲ್ಲದ ಕಣ್ಣು.

ಸಾಮಾನ್ಯ ಕನ್ನಡಕದ ಕೆಲಸವೂ ಇಷ್ಟೇ. ಬೆಳಕನ್ನು ಬಾಗಿಸಿ ಅಕ್ಷಿಪಟಲದ ಮೇಲೆ ಸರಿಯಾಗಿ ಬೀಳಿಸುತ್ತದೆ. ಕಣ್ಣನ್ನು ಗುಣಪಡಿಸುವುದೂ ಇಲ್ಲ, ಕೆಡಿಸುವುದೂ ಇಲ್ಲ. ಮಕ್ಕಳ ಕನ್ನಡಕದ ಸಂಖ್ಯೆ ಏರುವುದು ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ಉದ್ದವಾಗುವುದರಿಂದ. ನಲವತ್ತರ ನಂತರ ಚಾಳೀಸು ಬರುವುದು ಮಸೂರ ಗಡುಸಾಗುವುದರಿಂದ. ಕನ್ನಡಕ ತೆಗೆದಾಗ ಮೊದಲಿಗಿಂತ ಮಬ್ಬೆನಿಸುವುದು, ಸ್ಪಷ್ಟ ನೋಟಕ್ಕೆ ಮಿದುಳು ಒಗ್ಗಿಕೊಂಡಿರುವುದರಿಂದ.

ಕನ್ನಡಕವೇ ಕಣ್ಣಿಗೆ ಶತ್ರು ಎಂದು ಸಾರಿದ ವೈದ್ಯರೂ ಇದ್ದರು. ಅಮೆರಿಕದ ವಿಲಿಯಂ ಬೇಟ್ಸ್ 1920ರಲ್ಲಿ ಕನ್ನಡಕವಿಲ್ಲದ ಚಿಕಿತ್ಸೆಯ ಪುಸ್ತಕ ಬರೆದು ಪ್ರಸಿದ್ಧರಾದರು. ಆದರೆ ಕಣ್ಣಿನ ವ್ಯಾಯಾಮದಿಂದ ದೃಷ್ಟಿದೋಷ ನೀಗುತ್ತದೆಂಬ ಅವರ ವಾದಕ್ಕೆ ವಿಜ್ಞಾನದ ಬೆಂಬಲ ದೊರೆಯಲಿಲ್ಲ. ಮಕ್ಕಳು ಹಗಲು ಬೆಳಕಿನಲ್ಲಿ ಹೊರಗೆ ಆಡಿದರೆ ಸಮೀಪದೃಷ್ಟಿ ಆರಂಭವಾಗುವ ಸಾಧ್ಯತೆ ತಗ್ಗುತ್ತದೆ ಎಂಬುದನ್ನು ಮಾತ್ರ ಇತ್ತೀಚಿನ ಅಧ್ಯಯನಗಳು ತೋರಿಸಿವೆ.

ನಿಜವಾದ ಅಪಾಯವಿರುವುದು ಕನ್ನಡಕ ಹಾಕದಿರುವುದರಲ್ಲಿ. ಒಂದು ಕಣ್ಣಿನ ದೋಷ ಹೆಚ್ಚಾಗಿದ್ದು, ಎಳವೆಯಲ್ಲಿ ಸರಿಪಡಿಸದಿದ್ದರೆ, ಮಿದುಳು ಆ ಕಣ್ಣಿನ ನೋಟವನ್ನೇ ಕಡೆಗಣಿಸಲು ಕಲಿಯುತ್ತದೆ. ಇದೇ ಸೋಮಾರಿ ಕಣ್ಣು. ತಡವಾದಷ್ಟೂ ಅದನ್ನು ಸರಿಪಡಿಸುವುದು ಕಷ್ಟ. ಮುಂದೆ ಎಂಥ ಕನ್ನಡಕ ಕೊಟ್ಟರೂ ಪೂರ್ಣ ದೃಷ್ಟಿ ಮರಳದಿರಬಹುದು.

1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪುರಸ್ಕೃತರಾದ ಡಾ. ಮೋದಿ 2005ರ ನವೆಂಬರ್ 11ರಂದು ನಿಧನರಾದರು. ಬೆಂಗಳೂರಿನಲ್ಲಿ ಅವರ ಹೆಸರಿನ ಕಣ್ಣಾಸ್ಪತ್ರೆಯಿದೆ. ತಡೆಯಬಹುದಾದ ಕುರುಡುತನದ ವಿರುದ್ಧ ಬಾಳನ್ನೇ ಸವೆಸಿದ ಈ ವೈದ್ಯರಿಗೆ ಗೌರವ ಸಲ್ಲಿಸಲು ಪ್ರತಿಮೆಯೇ ಬೇಕಿಲ್ಲ. ಶಾಲೆಗೆ ಸೇರುವ ಮುನ್ನ ಮಗುವಿನ ಎರಡೂ ಕಣ್ಣುಗಳನ್ನು ಒಮ್ಮೆ ಪರೀಕ್ಷೆ ಮಾಡಿಸಿ, ಅಗತ್ಯವೆಂದಾದರೆ ಅಳುಕದೆ ಕನ್ನಡಕ ತೊಡಿಸಿದರೂ ಸಾಕು.