ದಾದಾಸಾಹೇಬ ಫಾಲ್ಕೆ: ತೆರೆಯ ಮೇಲೆ ಸ್ವದೇಶವನ್ನು ಕಾಣಬಯಸಿದವರು

ಭಾರತೀಯ ಚಲನಚಿತ್ರದ ಜನಕರೆಂದು ಪ್ರಸಿದ್ಧರಾದ ದಾದಾಸಾಹೇಬ ಫಾಲ್ಕೆಯವರ ಪೂರ್ಣ ಹೆಸರು ಧುಂಡಿರಾಜ ಗೋವಿಂದ ಫಾಲ್ಕೆ. ಅವರು 1870ರ ಏಪ್ರಿಲ್ 30ರಂದು ನಾಸಿಕದ ಸಮೀಪದ ತ್ರ್ಯಂಬಕೇಶ್ವರ ಕ್ಷೇತ್ರದಲ್ಲಿ ಜನಿಸಿದರು. ತಂದೆ ಗೋವಿಂದ ಸದಾಶಿವ ಫಾಲ್ಕೆ ಸಂಸ್ಕೃತ ವಿದ್ವಾಂಸರು. ಪುರಾಣಕಥೆಗಳನ್ನು ಕೇಳುತ್ತ ಬೆಳೆದ ಈ ಬಾಲಕನಿಗೆ ಶಾಸ್ತ್ರಾಧ್ಯಯನಕ್ಕಿಂತ ಚಿತ್ರ ಬರೆಯುವುದರಲ್ಲಿಯೂ ನಾಟಕ, ಜಾದೂಗಳಲ್ಲಿಯೂ ಹೆಚ್ಚಿನ ಆಸಕ್ತಿಯಿತ್ತು. ತಂದೆಗೆ ಮುಂಬಯಿಯ ಕಾಲೇಜಿನಲ್ಲಿ ಅಧ್ಯಾಪಕ ವೃತ್ತಿ ದೊರೆತಾಗ ಕುಟುಂಬವು ಆ ಮಹಾನಗರಕ್ಕೆ ಬಂದಿತು. 1885ರಲ್ಲಿ ಧುಂಡಿರಾಜರು ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅನಂತರ ಬಡೋದೆಯ ಕಲಾಭವನದಲ್ಲಿ ಚಿತ್ರಕಲೆಯೊಡನೆ ಛಾಯಾಚಿತ್ರಣ, ಅಚ್ಚು ತಯಾರಿಕೆ ಮೊದಲಾದ ಕಲೆಗಳನ್ನು ಅಭ್ಯಸಿಸಿದರು.

ಅವರ ಯೌವನವು ಒಂದು ವೃತ್ತಿಯಿಂದ ಇನ್ನೊಂದಕ್ಕೆ ಸಾಗಿದ ಕಾಲ. ಗೋಧ್ರಾದಲ್ಲಿ ಛಾಯಾಚಿತ್ರ ಮಂದಿರವನ್ನು ತೆರೆದರು. ಆಗ ಪಶ್ಚಿಮ ಭಾರತವನ್ನು ಕಾಡುತ್ತಿದ್ದ ಪ್ಲೇಗು ಅವರ ಮೊದಲ ಪತ್ನಿಯನ್ನೂ ಮಗುವನ್ನೂ ಬಲಿ ತೆಗೆದುಕೊಂಡಿತು. ಊರು ಬಿಟ್ಟ ಅವರು ಕೆಲಕಾಲ ತಮ್ಮ ಹೆಸರನ್ನು ತಿರುವುಮುರುವಾಗಿಸಿ ಪ್ರೊಫೆಸರ್ ಕೆಲ್ಫಾ ಎಂಬ ಹೆಸರಿನಲ್ಲಿ ಜಾದೂ ಪ್ರದರ್ಶನಗಳನ್ನು ನೀಡಿದರು. ಮಾಯವಾಗುವ, ರೂಪ ಬದಲಿಸುವ ದೇವತೆಗಳನ್ನು ಮುಂದೆ ತೆರೆಯ ಮೇಲೆ ತೋರಿಸುವುದಕ್ಕೆ ಈ ಕೈಚಳಕವೇ ಅವರಿಗೆ ನೆರವಾಯಿತು. 1903ರ ಸುಮಾರಿಗೆ ಭಾರತೀಯ ಪುರಾತತ್ತ್ವ ಇಲಾಖೆಯಲ್ಲಿ ನೌಕರಿ ದೊರೆಯಿತು. ಆದರೆ 1905ರ ಬಂಗಾಳ ವಿಭಜನೆಯ ಬೆನ್ನಲ್ಲೇ ಸ್ವದೇಶಿ ಚಳವಳಿ ದೇಶವನ್ನು ವ್ಯಾಪಿಸಿದಾಗ ಫಾಲ್ಕೆಯವರು ಸರಕಾರಿ ಸೇವೆಯನ್ನು ತೊರೆದರು.

ರಾಜಾ ರವಿವರ್ಮರ ಮುದ್ರಣಾಲಯಕ್ಕಾಗಿ ಶಿಲಾಮುದ್ರಣದ ಕೆಲಸವನ್ನು ಮಾಡಿದ ಅನುಭವದ ಬಲದಿಂದ ಅವರು ತಮ್ಮದೇ ಮುದ್ರಣಾಲಯವನ್ನು ಸ್ಥಾಪಿಸಿದರು. ಬಣ್ಣದ ಮುದ್ರಣದ ಹೊಸ ವಿಧಾನಗಳನ್ನು ಕಲಿಯಲು 1909ರಲ್ಲಿ ಜರ್ಮನಿಗೆ ಹೋಗಿಬಂದರು. ಮನೆಮನೆಯ ಗೋಡೆಗೆ ದೇವತೆಗಳ ಪಟಗಳನ್ನು ತಲುಪಿಸಿದ ಆ ಉದ್ಯಮವು ಅವರಿಗೆ ಒಂದು ಸಂಗತಿಯನ್ನು ಕಲಿಸಿತ್ತು: ಯಂತ್ರವು ಪರದೇಶದ್ದಾದರೂ ಅದರಿಂದ ಮೂಡುವ ಬಿಂಬವು ಸ್ವದೇಶದ್ದಾಗಬಲ್ಲದು. ಆದರೆ ಪಾಲುದಾರರೊಡನೆ ವಿರಸವುಂಟಾಗಿ ತಾವೇ ಕಟ್ಟಿದ ಮುದ್ರಣಾಲಯದಿಂದ ಅವರು ಹೊರಬರಬೇಕಾಯಿತು. ಆಗ ಅವರ ವಯಸ್ಸು 40. ಮನೆಯಲ್ಲಿ ಎರಡನೆಯ ಪತ್ನಿ ಸರಸ್ವತಿಬಾಯಿ ಹಾಗೂ ಚಿಕ್ಕ ಮಕ್ಕಳು, ಕೈಯಲ್ಲಿ ಕೆಲಸವಿರಲಿಲ್ಲ.

ಆ ದಿನಗಳಲ್ಲಿಯೇ ಮುಂಬಯಿಯ ಗಿರಗಾಂವ್‌ನಲ್ಲಿ ಕ್ರಿಸ್ತನ ಜೀವನವನ್ನು ಕುರಿತ ಮೂಕಚಿತ್ರವೊಂದನ್ನು ಅವರು ನೋಡಿದರು. ಅಲ್ಲಿ ಕ್ರಿಸ್ತನು ನಡೆದಾಡುವುದನ್ನು ಕಾಣುತ್ತಿದ್ದಂತೆ ಅವರ ಮನಸ್ಸಿನಲ್ಲಿ ಗೋಕುಲದ ಕೃಷ್ಣನೂ ಅಯೋಧ್ಯೆಯ ರಾಮನೂ ಚಲಿಸತೊಡಗಿದರು. ಭಾರತೀಯರು ತಮ್ಮ ಬದುಕನ್ನು, ತಮ್ಮ ಕಥೆಗಳನ್ನು ತೆರೆಯ ಮೇಲೆ ಎಂದು ಕಂಡಾರು ಎಂಬ ಪ್ರಶ್ನೆ ಅವರನ್ನು ಆವರಿಸಿತು. ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ 1896ರ ಜುಲೈ 7ರಂದು ಪ್ರದರ್ಶನಗೊಂಡಿದ್ದವು. ಅಂದಿನಿಂದ 15 ವರ್ಷಗಳ ಕಾಲ ಈ ದೇಶದ ಪ್ರೇಕ್ಷಕನು ಬಹುಮಟ್ಟಿಗೆ ಪರರ ಊರು, ಪರರ ಉಡುಪು, ಪರರ ನಗೆಯನ್ನೇ ಹಣ ಕೊಟ್ಟು ನೋಡುತ್ತಿದ್ದನು. ಸಖಾರಾಮ ಭಾಟವಡೇಕರ್, ಹೀರಾಲಾಲ್ ಸೇನ್ ಮೊದಲಾದವರು ಇಲ್ಲಿನ ದೃಶ್ಯಗಳನ್ನು ಸೆರೆಹಿಡಿದಿದ್ದರು. ಆದರೆ ಇಲ್ಲಿಯದೇ ಆದ ಪೂರ್ಣಪ್ರಮಾಣದ ಕಥಾಚಿತ್ರದ ಉದ್ಯಮವಿನ್ನೂ ಹುಟ್ಟಿರಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಫಾಲ್ಕೆಯವರು ಊರಿನಲ್ಲಿ ಬಂದ ಚಿತ್ರಗಳನ್ನೆಲ್ಲ ನೋಡಿದರು. ದೊರೆತ ಪುಸ್ತಕಗಳನ್ನೆಲ್ಲ ಓದಿದರು. ನಿದ್ರೆಗೆಟ್ಟು ದುಡಿದುದರಿಂದ ಕಣ್ಣುಗಳಿಗೆ ವ್ಯಾಧಿ ತಗುಲಿ ಕೆಲಕಾಲ ದೃಷ್ಟಿಯೇ ಮಂಕಾಯಿತು. ಚಿಕಿತ್ಸೆಯಿಂದ ಕಣ್ಣು ಮರಳಿದ ಮೇಲೆ ಜೀವವಿಮೆಯ ಪಾಲಿಸಿಗಳನ್ನು ಒತ್ತೆಯಿಟ್ಟು 1912ರ ಫೆಬ್ರವರಿಯಲ್ಲಿ ಲಂಡನ್ನಿಗೆ ಹೊರಟರು. ಅಲ್ಲಿ ಬಯಾಸ್ಕೋಪ್ ಎಂಬ ವಾರಪತ್ರಿಕೆಯ ಸಂಪಾದಕರನ್ನು ಕಂಡು, ಅವರ ಮೂಲಕ ನಿರ್ಮಾಪಕ ಸೆಸಿಲ್ ಹೆಪ್‌ವರ್ತ್ ಅವರ ಸ್ಟುಡಿಯೋದಲ್ಲಿ ಚಿತ್ರನಿರ್ಮಾಣದ ಒಳಹೊರಗನ್ನು ತಿಳಿದುಕೊಂಡರು. ವಿಲಿಯಮ್ಸನ್ ಕ್ಯಾಮೆರಾ, ಫಿಲ್ಮಿನ ಅಂಚಿಗೆ ರಂಧ್ರ ಕೊರೆಯುವ ಯಂತ್ರ ಮತ್ತು ಸಂಸ್ಕರಣ ಸಾಮಗ್ರಿಗಳೊಡನೆ ಏಪ್ರಿಲ್‌ನಲ್ಲಿ ಮರಳಿದರು. ಸಾಮ್ರಾಜ್ಯದ ರಾಜಧಾನಿಯಿಂದ ತಂದ ಉಪಕರಣಗಳಿಂದಲೇ ಸ್ವದೇಶಿ ಕಲೆಯೊಂದನ್ನು ಕಟ್ಟಬೇಕಾದ ಸ್ಥಿತಿ ಅದು. ಕಚ್ಚಾ ಫಿಲ್ಮಿನ ಪ್ರತಿಯೊಂದು ಅಡಿಗೂ ಅವರು ಹೊರದೇಶವನ್ನೇ ಆಶ್ರಯಿಸಬೇಕಾಗಿತ್ತು.

ಇಂತಹ ಸಾಹಸಕ್ಕೆ ಹಣ ಹೂಡುವವರಿರಲಿಲ್ಲ. ಫಾಲ್ಕೆಯವರು ಕುಂಡದಲ್ಲಿ ಬಿತ್ತಿದ ಬಟಾಣಿ ಕಾಳೊಂದು ಮೊಳೆತು ಬೆಳೆಯುವುದನ್ನು ದಿನದಿನವೂ ಸೆರೆಹಿಡಿದು, ಹಲವು ದಿನಗಳ ಬೆಳವಣಿಗೆಯನ್ನು ಕ್ಷಣಗಳಲ್ಲಿ ಕಾಣಿಸುವ ಕಿರುಚಿತ್ರವನ್ನು ಸಿದ್ಧಪಡಿಸಿದರು. ಅದನ್ನು ಕಂಡು ವಿಸ್ಮಿತರಾದವರಿಂದ ಸಾಲ ದೊರೆಯಿತು. ಸಾಲದ ಮೊತ್ತ ಸಾಲದಾದಾಗ ಸರಸ್ವತಿಬಾಯಿಯವರು ತಮ್ಮ ಒಡವೆಗಳನ್ನು ಕೊಟ್ಟರು. ಅವರ ಪಾಲು ಒಡವೆಗಷ್ಟೇ ಸೀಮಿತವಾದುದಲ್ಲ. ಹಗಲಿನಲ್ಲಿ ಅರವತ್ತು ಎಪ್ಪತ್ತು ಜನರ ತಂಡಕ್ಕೆ ಅಡುಗೆ ಮಾಡಿ, ಇರುಳಿನಲ್ಲಿ ಕತ್ತಲೆಯ ಕೋಣೆಯಲ್ಲಿ ಕುಳಿತು ಫಿಲ್ಮಿಗೆ ರಂಧ್ರ ಕೊರೆಯುವ, ರಾಸಾಯನಿಕಗಳನ್ನು ಬೆರೆಸುವ, ಚಿತ್ರಗಳನ್ನು ತೊಳೆದು ಜೋಡಿಸುವ ಕೆಲಸಗಳಲ್ಲಿ ಅವರು ಕೈಗೂಡಿಸಿದರು. ಭಾರತೀಯ ಚಲನಚಿತ್ರದ ಪ್ರಥಮ ತಂತ್ರಜ್ಞರ ಸಾಲಿನಲ್ಲಿ ಈ ಗೃಹಿಣಿಯ ಹೆಸರನ್ನು ಬರೆಯದಿದ್ದರೆ ಇತಿಹಾಸವು ಅಪೂರ್ಣವಾಗುತ್ತದೆ.

ಮೊದಲ ಚಿತ್ರಕ್ಕೆ ಫಾಲ್ಕೆಯವರು ಆರಿಸಿದುದು ಸತ್ಯಕ್ಕಾಗಿ ರಾಜ್ಯವನ್ನೂ ಮಡದಿ ಮಕ್ಕಳನ್ನೂ ಕಳೆದುಕೊಂಡ ಹರಿಶ್ಚಂದ್ರನ ಕಥೆಯನ್ನು. ರಾಘವಾಂಕನ ಕಾವ್ಯದ ಮೂಲಕ ಕನ್ನಡಿಗರಿಗೆ ಶತಮಾನಗಳಿಂದ ಪರಿಚಿತವಾದ ಈ ಕಥೆ ಮರಾಠಿ ರಂಗಭೂಮಿಯಲ್ಲಿಯೂ ಜನಪ್ರಿಯವಾಗಿತ್ತು. ಅಕ್ಷರ ಬಾರದವನೂ ಕಥೆಯನ್ನು ಬಲ್ಲವನಾದುದರಿಂದ ಮೂಕಚಿತ್ರಕ್ಕೆ ಪುರಾಣವೇ ತಕ್ಕ ವಸ್ತುವಾಯಿತು. ದಾದರಿನಲ್ಲಿ ಚಿತ್ರೀಕರಣ ನಡೆಯಿತು. ದತ್ತಾತ್ರೇಯ ದಾಮೋದರ ದಾಬ್ಕೆ ಹರಿಶ್ಚಂದ್ರನಾದರು. ಫಾಲ್ಕೆಯವರ ಮಗ ಭಾಲಚಂದ್ರ ರೋಹಿದಾಸನಾದನು. ತಾರಾಮತಿಯ ಪಾತ್ರಕ್ಕೆ ಮಾತ್ರ ಯಾವ ಮಹಿಳೆಯೂ ದೊರೆಯಲಿಲ್ಲ. ಚಲನಚಿತ್ರದಲ್ಲಿ ಕಾಣಿಸಿಕೊಳ್ಳುವುದು ಮರ್ಯಾದೆಗೆ ಕುಂದೆಂದು ಸಮಾಜವು ಭಾವಿಸಿದ್ದ ಕಾಲವದು. ವೇಶ್ಯಾವಾಟಿಕೆಯ ಹೆಂಗಸರೂ ನಿರಾಕರಿಸಿದರು. ಕೊನೆಗೆ ಉಪಾಹಾರ ಗೃಹವೊಂದರಲ್ಲಿ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಯುವಕನು ಸೀರೆಯುಟ್ಟು ತಾರಾಮತಿಯಾದನು.

ಸುಮಾರು 3,700 ಅಡಿಗಳ ರಾಜಾ ಹರಿಶ್ಚಂದ್ರ ಚಿತ್ರವನ್ನು 1913ರ ಏಪ್ರಿಲ್ 21ರಂದು ಆಹ್ವಾನಿತರಿಗೆ ತೋರಿಸಲಾಯಿತು. ಮೇ 3ರಂದು ಮುಂಬಯಿಯ ಕಾರೊನೇಶನ್ ಚಿತ್ರಮಂದಿರದಲ್ಲಿ ಅದು ಸಾರ್ವಜನಿಕವಾಗಿ ತೆರೆಕಂಡಿತು. ಹಿಂದಿನ ವರ್ಷ ದಾದಾಸಾಹೇಬ ತೋರ್ಣೆಯವರ ಶ್ರೀ ಪುಂಡಲೀಕ ಪ್ರದರ್ಶನಗೊಂಡಿತ್ತಾದರೂ ಅದು ರಂಗನಾಟಕವೊಂದರ ಚಿತ್ರೀಕರಣವಾಗಿದ್ದುದರಿಂದ ಮೊದಲಿಗನೆಂಬ ಹಿರಿಮೆ ಫಾಲ್ಕೆಯವರಿಗೆ ಸಂದಿತು. ಈ ವಿಷಯದಲ್ಲಿ ವಿದ್ವಾಂಸರ ಚರ್ಚೆ ಇಂದಿಗೂ ನಿಂತಿಲ್ಲ. ಅದೇ ವರ್ಷದ ಮೋಹಿನಿ ಭಸ್ಮಾಸುರ ಚಿತ್ರದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ ಅಭಿನಯಿಸಿ, ಸ್ತ್ರೀಯರಿಗೆ ಮುಚ್ಚಿದ್ದ ಬಾಗಿಲನ್ನು ತೆರೆದರು.

1914ರಲ್ಲಿ ಫಾಲ್ಕೆಯವರು ತಮ್ಮ ಮೂರು ಚಿತ್ರಗಳೊಡನೆ ಮತ್ತೆ ಲಂಡನ್ನಿಗೆ ಹೋದರು. ಅಲ್ಲಿಯೇ ನೆಲೆಸಿ ಚಿತ್ರ ನಿರ್ಮಿಸಬೇಕೆಂಬ ಆಹ್ವಾನ ಬಂದಿತು. ಅದನ್ನು ಒಪ್ಪಿದ್ದರೆ ವೈಯಕ್ತಿಕ ಭಾಗ್ಯ ಕೈಗೂಡುತ್ತಿತ್ತು. ಸ್ವದೇಶದ ಉದ್ಯಮ ಮೊಳಕೆಯಲ್ಲಿಯೇ ಬಾಡುತ್ತಿತ್ತು. ಅವರು ಒಪ್ಪಲಿಲ್ಲ. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಬಂಡವಾಳ ಬತ್ತಿತು, ನಾಸಿಕದಲ್ಲಿ ಕಟ್ಟಿದ ಸ್ಟುಡಿಯೋ ಸ್ತಬ್ಧವಾಗುವ ಸ್ಥಿತಿ ಬಂದಿತು. ಅವರು ಊರೂರಿಗೆ ಚಿತ್ರಗಳನ್ನು ಹೊತ್ತೊಯ್ದು ತೋರಿಸಿದರು, ಸಾಲಕ್ಕಾಗಿ ಅಲೆದರು. 1917ರ ಲಂಕಾದಹನ ಅವರನ್ನು ಮೇಲೆತ್ತಿತು. ಅದರಲ್ಲಿ ಸಾಳುಂಕೆಯೇ ರಾಮನೂ ಸೀತೆಯೂ ಆಗಿದ್ದನು. ರಾಮನು ತೆರೆಯ ಮೇಲೆ ಬಂದಾಗ ಪ್ರೇಕ್ಷಕರು ಕೈಮುಗಿಯುತ್ತಿದ್ದರು. ಅದೇ ಕಾಲದಲ್ಲಿ ನವಯುಗ ಎಂಬ ಮರಾಠಿ ಪತ್ರಿಕೆಯಲ್ಲಿ ಲೇಖನಮಾಲೆಯೊಂದನ್ನು ಬರೆದು, ಭಾರತೀಯ ಚಿತ್ರೋದ್ಯಮವು ದೇಶದ ಸ್ವಾವಲಂಬನೆಯ ಒಂದು ಅಂಗವೆಂದು ಅವರು ಪ್ರತಿಪಾದಿಸಿದರು.

1918ರಲ್ಲಿ ಪಾಲುದಾರರೊಡಗೂಡಿ ಹಿಂದುಸ್ತಾನ್ ಫಿಲ್ಮ್ಸ್ ಕಂಪನಿಯನ್ನು ಸ್ಥಾಪಿಸಿದರು. ಶ್ರೀಕೃಷ್ಣ ಜನ್ಮ, ಕಾಳಿಯಮರ್ದನ ಚಿತ್ರಗಳಲ್ಲಿ ಅವರ ಮಗಳು ಮಂದಾಕಿನಿ ಬಾಲಕೃಷ್ಣನಾದಳು. ಅದೇ ವರ್ಷ ಬ್ರಿಟಿಷ್ ಸರಕಾರ ಚಲನಚಿತ್ರ ಕಾಯಿದೆಯನ್ನು ತಂದು ಸೆನ್ಸಾರಿಗೆ ಅಡಿಪಾಯ ಹಾಕಿತು. ಪುರಾಣದ ಮರೆಯೂ ಪೂರ್ಣ ರಕ್ಷಣೆಯಾಗಿರಲಿಲ್ಲ. 1921ರಲ್ಲಿ ಬೇರೊಂದು ಕಂಪನಿಯ ಭಕ್ತ ವಿದುರ ಚಿತ್ರದ ವಿದುರನು ಗಾಂಧೀಜಿಯನ್ನು ಹೋಲುತ್ತಾನೆಂದು ಕೆಲವೆಡೆ ಆ ಚಿತ್ರವನ್ನು ನಿಷೇಧಿಸಲಾಯಿತು. ಫಾಲ್ಕೆಯವರಿಗಾದರೋ ಸರಕಾರಕ್ಕಿಂತ ಪಾಲುದಾರರಿಂದಲೇ ಹೆಚ್ಚಿನ ಕ್ಲೇಶವೊದಗಿತು. ಖರ್ಚಿನ ಲೆಕ್ಕವನ್ನೂ ಕಲೆಯ ಹಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರದೆ ಅವರು ಕಂಪನಿಯನ್ನು ಬಿಟ್ಟು ಕಾಶಿಗೆ ತೆರಳಿ, ಅಲ್ಲಿ ರಂಗಭೂಮಿ ಎಂಬ ಮರಾಠಿ ನಾಟಕವನ್ನು ರಚಿಸಿದರು. ಕೆಲವು ವರ್ಷಗಳ ತರುವಾಯ ಕಂಪನಿಗೆ ಮರಳಿದರೂ ಹಿಂದಿನ ಸ್ವಾತಂತ್ರ್ಯ ಮರಳಲಿಲ್ಲ.

1927ರಲ್ಲಿ ಸರಕಾರವು ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ಭಾರತೀಯ ಚಲನಚಿತ್ರ ಸಮಿತಿಯನ್ನು ನೇಮಿಸಿತು. ಅಮೆರಿಕದ ಚಿತ್ರಗಳ ಪ್ರಾಬಲ್ಯವನ್ನು ತಡೆದು ಸಾಮ್ರಾಜ್ಯದ ಚಿತ್ರಗಳಿಗೆ ವಿಶೇಷ ಆದ್ಯತೆ ನೀಡಬೇಕೆಂಬ ಬ್ರಿಟಿಷ್ ಅಪೇಕ್ಷೆ ಅದರ ಹಿನ್ನೆಲೆಯಲ್ಲಿತ್ತು. ಫಾಲ್ಕೆಯವರೂ ಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ಸಮಿತಿಯ ಭಾರತೀಯ ಸದಸ್ಯರು ಸಾಮ್ರಾಜ್ಯದ ಆದ್ಯತೆಯನ್ನು ಒಪ್ಪದೆ, ಇಲ್ಲಿಯ ಚಿತ್ರಗಳಿಗೇ ಪ್ರೋತ್ಸಾಹ ಬೇಕೆಂದರು. ವರದಿಯು ಬಹುಮಟ್ಟಿಗೆ ಕಡತದಲ್ಲಿಯೇ ಉಳಿಯಿತು.

1931ರಲ್ಲಿ ಆಲಂ ಆರಾ ಚಿತ್ರದೊಂದಿಗೆ ತೆರೆ ಮಾತನಾಡತೊಡಗಿತು. ಮೂಕಚಿತ್ರದ ಶಿಲ್ಪಿಯ ಕಾಲ ಮುಗಿಯಿತು. ಮೂಕವಾಗಿ ತಯಾರಾದ ಸೇತುಬಂಧನಕ್ಕೆ ಅನಂತರ ಧ್ವನಿಯನ್ನು ಕೂಡಿಸಬೇಕಾಯಿತು. 1937ರಲ್ಲಿ ಕೊಲ್ಲಾಪುರ ಸಿನೆಟೋನ್ ಸಂಸ್ಥೆಗಾಗಿ ಗಂಗಾವತರಣ ಎಂಬ ವಾಕ್ಚಿತ್ರವನ್ನು ನಿರ್ದೇಶಿಸಿದರು. ಅದೇ ಅವರ ಕೊನೆಯ ಚಿತ್ರ. ಮೂರು ವರ್ಷಗಳ ಹಿಂದೆ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾ ಕೂಡ ಕೊಲ್ಲಾಪುರದಲ್ಲಿಯೇ ಚಿತ್ರಿತವಾಗಿತ್ತೆಂಬುದು ಗಡಿಭಾಗದ ಓದುಗರು ನೆನೆಯತಕ್ಕ ಸಂಗತಿ. ಫಾಲ್ಕೆಯವರು 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಕಣ್ಮುಚ್ಚಿದರು. ಅವರು ಹುಟ್ಟುಹಾಕಿದ ಉದ್ಯಮ ಆ ವೇಳೆಗೆ ಶ್ರೀಮಂತವಾಗಿತ್ತು. ಅವರ ಮನೆಯಲ್ಲಿ ಸಂಪತ್ತಿರಲಿಲ್ಲ.

ಅವರು ನಿರ್ಮಿಸಿದ 90ಕ್ಕೂ ಹೆಚ್ಚು ಚಿತ್ರಗಳಲ್ಲಿ ಇಂದು ಉಳಿದಿರುವುದು ಕೆಲವು ತುಣುಕುಗಳು ಮಾತ್ರ. ರಾಜಾ ಹರಿಶ್ಚಂದ್ರದ ಉಳಿದ ಭಾಗವು 1913ರ ಮೂಲದ್ದೋ 1917ರ ಮರುನಿರ್ಮಾಣದ್ದೋ ಎಂಬುದೂ ಸಂಶೋಧಕರ ಚರ್ಚೆಯ ವಿಷಯವಾಗಿದೆ. 1969ರಲ್ಲಿ ಭಾರತ ಸರಕಾರ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಆರಂಭಿಸಿತು. ಕನ್ನಡದಲ್ಲಿ ಹರಿಶ್ಚಂದ್ರನ ಪಾತ್ರವನ್ನು ಅಭಿನಯಿಸಿದ ಡಾ. ರಾಜಕುಮಾರ್ ಅವರಿಗೂ ಆ ಗೌರವ ಸಂದಿತು. ಪರಾಧೀನ ದೇಶದಲ್ಲಿ ಎರವಲು ಯಂತ್ರ, ಒತ್ತೆಯ ಒಡವೆ, ಮಸುಕಾದ ಕಣ್ಣುಗಳೊಡನೆ ಹೊರಟವರು ಫಾಲ್ಕೆ. ತನ್ನ ಕಥೆಯನ್ನು ತಾನೇ ತೆರೆಯ ಮೇಲೆ ಹೇಳಿಕೊಳ್ಳುವ ಅಧಿಕಾರವನ್ನು ಈ ನಾಡಿನ ಸಾಮಾನ್ಯ ಪ್ರೇಕ್ಷಕನಿಗೆ ಗಳಿಸಿಕೊಟ್ಟುದೇ ಅವರ ಬಾಳಿನ ಸಾರ್ಥಕತೆ.