ಗಣಿತದ ಮಾಸ್ತರು ಲೈಬ್ರರಿಗೆ ಬಂದದ್ದು

ಲೈಬ್ರರಿ ಸೈನ್ಸ್ ಓದ್ತೀನಿ ಅಂದ್ರೆ ನಮ್ಮ ಕಡೆ ಎರಡು ಪ್ರಶ್ನೆ ಬರ್ತಾವೆ. ಪುಸ್ತಕ ಜೋಡಿಸೋಕೂ ಕಾಲೇಜು ಬೇಕಾ ಅನ್ನೋದು ಮೊದಲನೆಯದು. ಬೇಕಾದ್ರೆ ಯಾವ ಕಾಲೇಜು ಅನ್ನೋದು ಎರಡನೆಯದು. ಲಕ್ಕಲಕಟ್ಟಿಯಂಥ ಊರಿಂದ ಹೊರಡೋರಿಗೆ ಧಾರವಾಡ ಹತ್ತಿರ, ಬೆಂಗಳೂರು ದೂರ. ಫೀಸು, ರೂಮು, ಬಸ್ಸು ಎಲ್ಲಾ ಲೆಕ್ಕ ಹಾಕಬೇಕು. ಎರಡೂ ಪ್ರಶ್ನೆಗೆ ಎಸ್. ಆರ್. ರಂಗನಾಥನ್ ಅವರ ಬದುಕಿನಲ್ಲಿ ಉತ್ತರ ಇದೆ. ಆಗಸ್ಟ್ 12ರಂದು, ಗ್ರಂಥಪಾಲಕರ ದಿನ ಅಂತ, ಲೈಬ್ರರಿಗಳಲ್ಲಿ ಹಾರ ಹಾಕೋದು ಇವರ ಫೋಟೋಕ್ಕೇ.

1892ರಲ್ಲಿ ತಮಿಳುನಾಡಿನ ಶಿಯಾಳಿಯಲ್ಲಿ ಹುಟ್ಟಿದ ಅವರು ಓದಿದ್ದು ಗಣಿತ. ಮಾತಿನಲ್ಲಿ ತೊದಲು ಇದ್ದರೂ ಮಾಸ್ತರಿಕೆ ಬಿಡಲಿಲ್ಲ. 1917ರಲ್ಲಿ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜು ಸೇರಿ ಪಾಠ ಮಾಡಿದರು. ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಓದೋರೇ ಬರದ ಕೋಣೆಯಲ್ಲಿ ಸುಮ್ಮನೆ ಕೂರೋಕೆ ಆಗದೆ, ಕೆಲವೇ ದಿನಕ್ಕೆ ಪ್ರಾಂಶುಪಾಲರ ಹತ್ತಿರ ಹೋಗಿ, ವಾಪಸ್ ಕರೆದುಕೊಳ್ಳಿ ಅಂತ ಬೇಡಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಕಲಿತು ಬಾ, ಆಮೇಲೂ ಬೇಸರವಾದರೆ ನೋಡೋಣ ಅನ್ನೋ ಭರವಸೆ ಸಿಕ್ಕಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ತರಗತಿಗಷ್ಟೇ ಅಂಟಿಕೊಳ್ಳಲಿಲ್ಲ. ನೂರಕ್ಕೂ ಹೆಚ್ಚು ಲೈಬ್ರರಿ ಸುತ್ತಿದರು. ಯಾರು ಬರ್ತಾರೆ, ಪುಸ್ತಕ ಕೈಗೆ ಸಿಗೋಕೆ ಎಷ್ಟು ಹೊತ್ತು ಬೇಕು ಅಂತ ಗಮನಿಸಿದರು. ಅಲ್ಲೊಂದು ಅಂಗಡಿಯಲ್ಲಿ ಮೆಕ್ಯಾನೊ ಆಟಿಕೆ ಕಂಡರು. ಅವೇ ಪಟ್ಟಿ, ಅವೇ ನಟ್ಟು-ಬೋಲ್ಟು, ಜೋಡಿಸಿದ ಹಾಗೆ ಬೇರೆ ಬೇರೆ ಯಂತ್ರ. ವಿಷಯಗಳನ್ನೂ ಹೀಗೇ ಬಿಡಿಭಾಗ ಮಾಡಿ ಜೋಡಿಸಬಹುದಲ್ಲ ಅಂತ ಹೊಳೆದದ್ದು ಮುಂದೆ 1933ರಲ್ಲಿ ಕೋಲನ್ ವರ್ಗೀಕರಣವಾಗಿ ಅಚ್ಚಾಯಿತು. ಶಾಪಿಂಗ್ ಆ್ಯಪಿನಲ್ಲಿ ನಾವು ಬ್ರ್ಯಾಂಡು, ಬೆಲೆ, ಸೈಜು ಅಂತ ಫಿಲ್ಟರ್ ಹಾಕ್ತೀವಲ್ಲ, ಆ ವಿಚಾರಕ್ಕೂ ಇದಕ್ಕೂ ನಂಟಿದೆ.

ಊರಿಗೆ ಮರಳಿದ ಮೇಲೆ ಗಣಿತದ ಕೆಲಸ ಕೇಳಲೇ ಇಲ್ಲ. ಇಪ್ಪತ್ತು ವರ್ಷ ಆ ಲೈಬ್ರರಿಗೇ ದುಡಿದರು. ಪುಸ್ತಕ ಇರೋದು ಬಳಕೆಗೆ, ಓದುಗನ ಸಮಯ ಉಳಿಯಬೇಕು ಅನ್ನೋ ಅರ್ಥದ ಐದು ಸೂತ್ರಗಳನ್ನು 1931ರಲ್ಲಿ ಪುಸ್ತಕವಾಗಿ ಕೊಟ್ಟರು. ಕಾಶಿ, ದೆಹಲಿ, ಜ್ಯೂರಿಕ್ ಸುತ್ತಿ, ಕಡೆಗೆ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಅಲ್ಲಿ 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಡಿ ಡಿಆರ್‌ಟಿಸಿ ಕಟ್ಟಿದರು. 1965ರ ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರ ಕೈ ಇತ್ತು. ತೀರಿಕೊಂಡದ್ದು 1972ರಲ್ಲಿ, ಬೆಂಗಳೂರಿನಲ್ಲೇ.

ಡಿಆರ್‌ಟಿಸಿ ಈಗಲೂ ಇದೆ. ಪ್ರವೇಶ ಪರೀಕ್ಷೆ ಪಾಸಾದರೆ ಬಿಎ ಆದವರೂ ಬಿಇ ಆದವರೂ ಅಲ್ಲಿ ಎರಡು ವರ್ಷದ ಎಂಎಸ್ ಓದಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಈ ವಿಷಯಕ್ಕೆ ವಿಭಾಗ ಇದೆ. ಎಲ್ಲಿ ಸೇರಬೇಕು ಅಂತ ಊರಿನ ತಮ್ಮ-ತಂಗಿಯರು ಕೇಳಿದರೆ ನಾವು ಹೇಳೋದು ಇಷ್ಟ: ಹೆಸರು, ದೂರ ಆಮೇಲೆ ನೋಡ್ರಿ. ಮೊದಲು ಆ ಕಾಲೇಜಿನ ಲೈಬ್ರರಿಯೊಳಗೆ ಒಂದು ತಾಸು ಕೂತು ಬರ್ರಿ. ಓದೋರು ಬರ್ತಾರಾ, ಲೈಬ್ರರಿ ಸೈನ್ಸ್ ಹುಡುಗರನ್ನ ಕೌಂಟರಿನ ಒಳಗೆ ಬಿಟ್ಟು ಕೆಲಸ ಕಲಿಸ್ತಾರಾ ಅಂತ ಕೇಳ್ರಿ. ಖಾಲಿ ಕೋಣೆಯಲ್ಲಿ ರಂಗನಾಥನ್ ಅಂಥವರಿಗೇ ಬೇಸರ ಬಂದಿತ್ತು. ಅವರನ್ನು ಈ ಕೆಲಸದಲ್ಲಿ ಉಳಿಸಿದ್ದು ಜನ ತುಂಬಿದ ಲೈಬ್ರರಿಗಳು.