ವಿಲಿಯಂ ಹಾರ್ವೆ (1578–1657): ರಕ್ತಪರಿಚಲನೆಯ ಅನ್ವೇಷಕ

ಹೃದಯವು ರಕ್ತವನ್ನು ದೇಹದಾದ್ಯಂತ ಪರಿಚಲಿಸುವ ಪಂಪು ಎಂಬುದನ್ನು ಪ್ರಯೋಗ ಹಾಗೂ ಲೆಕ್ಕಾಚಾರಗಳ ಮೂಲಕ ಸ್ಥಾಪಿಸಿದ ವೈದ್ಯ ವಿಲಿಯಂ ಹಾರ್ವೆ.

ಜನನ ಮತ್ತು ವಿದ್ಯಾಭ್ಯಾಸ

ಇವರು 1578ರ ಏಪ್ರಿಲ್ 1ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಫೋಕ್‌ಸ್ಟನ್‌ನಲ್ಲಿ ಜನಿಸಿದರು. ಕೇಂಬ್ರಿಡ್ಜ್‌ನಲ್ಲಿ ಪದವಿ ಪಡೆದು, ಇಟಲಿಯ ಪಡುವಾ ವಿಶ್ವವಿದ್ಯಾಲಯದಿಂದ 1602ರಲ್ಲಿ ವೈದ್ಯ ಪದವಿ ಗಳಿಸಿದರು. ಅಲ್ಲಿ ಇವರ ಗುರು ಫ್ಯಾಬ್ರಿಷಿಯಸ್ ಅಭಿಧಮನಿಗಳಲ್ಲಿನ ಕವಾಟಗಳನ್ನು ಅಧ್ಯಯನ ಮಾಡಿದ್ದರು. ಆದರೆ ಆ ಕವಾಟಗಳ ನಿಜವಾದ ಕಾರ್ಯವು ಅವರಿಗೆ ಗೋಚರಿಸಿರಲಿಲ್ಲ.

ಸಂಶೋಧನೆ

ಆಹಾರದಿಂದ ಯಕೃತ್ತಿನಲ್ಲಿ ರಕ್ತವು ಸದಾ ಹೊಸದಾಗಿ ಉತ್ಪತ್ತಿಯಾಗಿ ಅಂಗಾಂಗಗಳಲ್ಲಿ ವ್ಯಯವಾಗುತ್ತದೆ ಎಂಬ ಗೇಲನ್‌ನ ಮತವು ಸುಮಾರು 1400 ವರ್ಷಗಳ ಕಾಲ ಪ್ರಚಲಿತವಾಗಿತ್ತು. 1609ರಿಂದ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವೈದ್ಯರಾಗಿದ್ದ ಹಾರ್ವೆ, ಅನೇಕ ಪ್ರಾಣಿಗಳ ಹೃದಯಗಳನ್ನು ಪರಿಶೀಲಿಸಿದರು. ಹೃದಯವು ಸಂಕುಚಿಸಿದಾಗ ರಕ್ತವು ಅಪಧಮನಿಗಳಿಗೆ ನೂಕಲ್ಪಡುವುದನ್ನು ಕಂಡರು. ಅರ್ಧ ಗಂಟೆಯಲ್ಲಿ ಹೃದಯವು ಸಾವಿರಕ್ಕೂ ಹೆಚ್ಚು ಬಾರಿ ಮಿಡಿಯುತ್ತದೆ. ಪ್ರತಿ ಮಿಡಿತಕ್ಕೆ ಅತ್ಯಲ್ಪ ರಕ್ತ ಹೊರಬೀಳುವುದೆಂದು ಭಾವಿಸಿದರೂ, ಅಷ್ಟು ಪ್ರಮಾಣದ ರಕ್ತವನ್ನು ಆಹಾರದಿಂದ ಪಡೆಯುವುದು ಅಸಾಧ್ಯವೆಂದು ಲೆಕ್ಕ ಹಾಕಿದರು. ಆದ್ದರಿಂದ ಅದೇ ರಕ್ತವು ಮರಳಿ ಬರಲೇಬೇಕಿತ್ತು.

ಇದಕ್ಕೆ ಕವಾಟಗಳೇ ಸಾಕ್ಷಿಯಾದವು. ತೋಳಿಗೆ ಪಟ್ಟಿ ಬಿಗಿದಾಗ ಉಬ್ಬಿದ ಅಭಿಧಮನಿಯಲ್ಲಿ ರಕ್ತವನ್ನು ಹೃದಯದ ಕಡೆಗೆ ಒತ್ತಿದರೆ ಅದು ಸುಲಭವಾಗಿ ಸಾಗಿತು. ಬೆರಳುಗಳ ಕಡೆಗೆ ಒತ್ತಿದರೆ ಕವಾಟದ ಬಳಿ ನಿಂತಿತು. ಹೃದಯದ ನಾಲ್ಕು ಕವಾಟಗಳೂ ಹೀಗೆಯೇ ಏಕಮುಖ ದ್ವಾರಗಳಾಗಿವೆ. ಹೃತ್ಕುಕ್ಷಿಗಳು ಸಂಕುಚಿಸಿದಾಗ ಹೃತ್ಕರ್ಣಗಳ ಕಡೆಯ ಎರಡು ಕವಾಟಗಳು ಮುಚ್ಚಿ, ಅಪಧಮನಿಗಳ ಕಡೆಯ ಎರಡು ತೆರೆಯುತ್ತವೆ. ಬಲಭಾಗದಿಂದ ರಕ್ತವು ಶ್ವಾಸಕೋಶಗಳಿಗೂ, ಎಡಭಾಗದಿಂದ ಇಡೀ ದೇಹಕ್ಕೂ ಹರಿಯುತ್ತದೆ. ಹೃತ್ಕುಕ್ಷಿಗಳು ಸಡಿಲಗೊಂಡಾಗ ಅಪಧಮನಿಗಳ ಕವಾಟಗಳು ಮುಚ್ಚಿ ರಕ್ತವು ಹಿಂದಕ್ಕೆ ಬಾರದಂತೆ ತಡೆಯುತ್ತವೆ.

ವಿರೋಧ ಮತ್ತು ಮನ್ನಣೆ

1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಇವರ ಲ್ಯಾಟಿನ್ ಗ್ರಂಥವು ಪ್ರಕಟವಾಯಿತು. ಅನಂತರ ಇವರಲ್ಲಿಗೆ ಬರುವ ರೋಗಿಗಳು ಕಡಿಮೆಯಾದರೆಂದು ಸಮಕಾಲೀನ ಬರಹದಿಂದ ತಿಳಿದುಬರುತ್ತದೆ. ಪ್ಯಾರಿಸ್ಸಿನ ವಿದ್ವಾಂಸ ರಿಯೋಲಾನ್‌ನ ಆಕ್ಷೇಪಗಳಿಗೆ 1649ರಲ್ಲಿ ಉತ್ತರ ನೀಡಿದರು. ದೊರೆ ಒಂದನೆಯ ಚಾರ್ಲ್ಸ್‌ನ ವೈದ್ಯರಾಗಿದ್ದ ಕಾರಣ, ಅಂತರ್ಯುದ್ಧದ ವೇಳೆ ಇವರ ನಿವಾಸವು ಲೂಟಿಯಾಗಿ ಅಮೂಲ್ಯ ಟಿಪ್ಪಣಿಗಳು ನಾಶವಾದವು.

ಅಪಧಮನಿಗಳಿಂದ ಅಭಿಧಮನಿಗಳಿಗೆ ರಕ್ತವು ದಾಟುವ ಮಾರ್ಗವನ್ನು ಇವರು ಕಾಣಲಾಗಲಿಲ್ಲ. 1657ರ ಜೂನ್ 3ರಂದು ಹಾರ್ವೆ ನಿಧನರಾದರು. ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪಿಘಿ ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡು ಆ ಕೊರತೆಯನ್ನು ನೀಗಿಸಿದರು. ಇಂದು ವೈದ್ಯರು ಸ್ಟೆತಾಸ್ಕೋಪಿನಲ್ಲಿ ಆಲಿಸುವ ಹೃದಯದ ಎರಡು ಸದ್ದುಗಳು ಇದೇ ಕವಾಟಗಳು ಮುಚ್ಚಿಕೊಳ್ಳುವಾಗ ಉಂಟಾಗುತ್ತವೆ.